ಇದ್ದೂ ಇಲ್ಲವಾಗುವ ಹೆಸರುಗಳು

ತಾಲ್ಲೂಕು ಕಚೇರಿಯ ಕಿಟಕಿಯ ಹಿಂದೆ ಕುಳಿತ ಗುಮಾಸ್ತೆಯು ಗಣಕಯಂತ್ರದ ಕೀಲಿಗಳನ್ನೊತ್ತಿ, ಒಂದು ಕ್ಷಣ ತೆರೆಯನ್ನು ದಿಟ್ಟಿಸಿ, "ನಿಮ್ಮ ಹೆಸರಿನಲ್ಲಿ ಏನೂ ಬರುತ್ತಿಲ್ಲವಲ್ಲ, ಯಜಮಾನರೆ" ಎಂದುಬಿಟ್ಟರೆ, ಹೊರಗೆ ನಿಂತ ರೈತನು ಆ ಮಾತಿಗೆ ಒಂದೇ ಅರ್ಥವನ್ನು ಹಚ್ಚುತ್ತಾನೆ. ತಾತನ ಕಾಲದಿಂದ ಉಳುತ್ತ ಬಂದ ಜಮೀನು ಸರ್ಕಾರದ ಲೆಕ್ಕದಿಂದ ಹಾರಿಹೋಯಿತೆಂದು ಅವನ ಎದೆ ಧಸಕ್ಕೆನ್ನುತ್ತದೆ. ಪಹಣಿಯಿಲ್ಲದೆ ಬೆಳೆಸಾಲವಿಲ್ಲ, ಬೆಳೆವಿಮೆಯಿಲ್ಲ, ಭಾಗಪತ್ರವಿಲ್ಲ. ಬಸ್ಸಿನ ಚಾರ್ಜು ತೆತ್ತು, ದಿನದ ಕೂಲಿಯನ್ನು ಕಳೆದುಕೊಂಡು ಬಂದವನು ಬರಿಗೈಯಲ್ಲಿ ಹಿಂದಿರುಗಬೇಕು. ಆದರೆ ಗಣಕಯಂತ್ರವು ಹೇಳಿದ್ದು ಅಷ್ಟೇನೂ ಭಯಂಕರವಾದ ಮಾತಲ್ಲ. 'ನೀವು ಕೇಳಿದ ರೀತಿಯ ಪ್ರಶ್ನೆಗೆ ಹೊಂದುವ ಸಾಲು ನನಗೆ ಕಾಣಲಿಲ್ಲ' ಎಂದಷ್ಟೇ ಅದರ ಉತ್ತರ. 'ಇಲ್ಲ' ಎಂಬುದಕ್ಕೂ 'ಕಾಣಲಿಲ್ಲ' ಎಂಬುದಕ್ಕೂ ಕನ್ನಡದಲ್ಲಿ ಇರುವ ಅಂತರವು ಯಂತ್ರದ ತೆರೆಯ ಮೇಲೆ ಅಳಿಸಿಹೋಗುತ್ತದೆ. ತೊಂದರೆಯ ಮೂಲವಿರುವುದು ಇಲ್ಲಿಯೇ.

ಶಾನುಭೋಗರ ಕಾಲದಲ್ಲಿ ಈ ಬಗೆಯ ತೊಡಕು ಇಷ್ಟಾಗಿ ಇರಲಿಲ್ಲ. 'ಹಳ್ಳದ ಪಕ್ಕದ ಹೊಲ, ನಮ್ಮ ಸಿದ್ದಗಂಗಯ್ಯನದು' ಎಂದರೆ ಸಾಕು, ಯಾವ ಸಿದ್ದಗಂಗಯ್ಯ, ಯಾರ ಮಗ, ಯಾವ ಹಳ್ಳ ಎಂಬುದೆಲ್ಲ ಶಾನುಭೋಗರ ನೆನಪಿನಲ್ಲಿತ್ತು. ಕಡತದಲ್ಲಿ 'ಸಿದ್ಧಗಂಗಪ್ಪ' ಎಂದು ಬರೆದಿದ್ದರೂ ಅವರು ಎಡವುತ್ತಿರಲಿಲ್ಲ. (ಅದೇ ನೆನಪನ್ನು ತಮಗೆ ಬೇಕಾದವರಿಗೆ ಬೇಕಾದಂತೆ ಒದಗಿಸುವ ಶಕ್ತಿಯೂ ಅವರಿಗಿತ್ತೆಂಬುದನ್ನು ಮರೆಯಲಾಗದು. ಹಳೆಯ ಕಾಲವನ್ನು ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.) 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡು, ಗ್ರಾಮಲೆಕ್ಕಿಗರು ಬಂದರು. 2000ದ ಸುಮಾರಿಗೆ ರಾಜ್ಯದಾದ್ಯಂತ 'ಭೂಮಿ' ಯೋಜನೆ ಬಂದಿತು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಗಣಕಯಂತ್ರದ ಕಣಜಕ್ಕೆ ಸೇರಿದವು. ಈ ಕಣಜವನ್ನೇ ಡೇಟಾಬೇಸ್ ಎನ್ನುವುದು. ತುಮಕೂರಿನ ರೈತನಾಗಲಿ, ಗುಬ್ಬಿಯವನಾಗಲಿ, ಕುಣಿಗಲ್ಲಿನವನಾಗಲಿ ಇಂದು ಪಹಣಿಯನ್ನು ಪಡೆಯುವುದು ಆ ಕಣಜದಿಂದಲೇ. ಇದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಕಣಜದ ಬಾಗಿಲಲ್ಲಿ ಈಗ ನಿಂತಿರುವ ಕಾವಲುಗಾರನು ಶಾನುಭೋಗನಂತಲ್ಲ. ಅವನಿಗೆ ನೆನಪೂ ಇಲ್ಲ, ಊಹೆಯೂ ಇಲ್ಲ. ಕೇಳಿದ ಅಕ್ಷರ ಅಕ್ಷರಕ್ಕೂ ಹೊಂದಿದರೆ ಕೊಡುತ್ತಾನೆ, ಒಂದು ಅಕ್ಷರ ತಪ್ಪಿದರೂ ಕೈಯಾಡಿಸುತ್ತಾನೆ.

ಭೂಮಿಯಲ್ಲಿ ಪಹಣಿಯನ್ನು ಹುಡುಕಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಸಿದ್ಧಪಟ್ಟಿಯಿಂದ ಆರಿಸಿ, ಆ ಮೇಲೆ ಸರ್ವೆ ನಂಬರು, ಸರ್ನೋಕ್, ಹಿಸ್ಸಾ ಎಂಬ ಮೂರನ್ನು ಕೊಡಬೇಕು. ಸರ್ವೆ ನಂಬರು ಎಲ್ಲರಿಗೂ ಗೊತ್ತು. ಸರ್ನೋಕ್ ಎಂಬ ಉಪಸಂಖ್ಯೆಯನ್ನು ಕೇಳಿದ ರೈತರು ವಿರಳ. ಎಷ್ಟೋ ಜಮೀನುಗಳಿಗೆ ಅಂಥ ಉಪಸಂಖ್ಯೆಯೇ ಇಲ್ಲ. ಇಲ್ಲವೆಂದು ಆ ಸ್ಥಾನವನ್ನು ಯಂತ್ರವು ಖಾಲಿ ಬಿಟ್ಟಿಲ್ಲ, ಅಲ್ಲಿ ಒಂದು ನಕ್ಷತ್ರ ಚಿಹ್ನೆಯನ್ನು ಇಟ್ಟಿದೆ. ಆ ಚುಕ್ಕೆಯನ್ನು ಆರಿಸಿದವನಿಗೆ ಪಹಣಿ ದೊರೆಯುತ್ತದೆ, ಆರಿಸಲು ತಿಳಿಯದವನಿಗೆ ಇಲ್ಲ. ಹಿಸ್ಸಾದ ಕಥೆ ಇನ್ನೂ ಸ್ವಾರಸ್ಯವಾದದ್ದು. ಅಣ್ಣತಮ್ಮಂದಿರು ಭಾಗವಾಗಿ, ಪೋಡಿಯಾಗಿ, 45ನೆಯ ಸರ್ವೆ ನಂಬರು 45/1, 45/2 ಎಂದು ಒಡೆದಿದ್ದರೆ, ತಂದೆಯ ಕಾಲದ ಕಾಗದವನ್ನು ಹಿಡಿದು ಬರಿಯ 45 ಎಂದು ಕೇಳಿದವನಿಗೆ ಇಂದಿನ ಪಹಣಿ ಕಾಣುವುದಿಲ್ಲ. ಜಮೀನು ಅಲ್ಲಿಯೇ ಇದೆ, ಬೇಲಿಯೂ ಅಲ್ಲಿಯೇ ಇದೆ. ಕೇಳುವ ಸಂಖ್ಯೆ ಮಾತ್ರ ಹಳೆಯದು.

ಸಂಖ್ಯೆಯ ತೊಡಕನ್ನು ಹೇಗೋ ದಾಟಬಹುದು. ಹೆಸರುಗಳ ತೊಡಕು ಅದಕ್ಕಿಂತ ಆಳವಾದದ್ದು. ಮೊದಲಿಗೆ ನಗರದ ಹೆಸರನ್ನೇ ನೋಡಬಹುದು. ಕನ್ನಡದಲ್ಲಿ ಅದು ತುಮಕೂರು. ಇಂಗ್ಲಿಷಿನಲ್ಲಿ ಬಹುಕಾಲ ಆರು ಅಕ್ಷರಗಳಲ್ಲಿ 'ತುಮ್ಕೂರ್' ಎಂದು ಬರೆಯುತ್ತಿದ್ದರು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವು ಬದಲಾದಾಗ ಬೆಂಗಳೂರು, ಮೈಸೂರು, ಶಿವಮೊಗ್ಗಗಳೊಡನೆ ಇದಕ್ಕೂ ಎಂಟು ಅಕ್ಷರಗಳ ಹೊಸ ರೂಪ ಬಂದಿತು. ಕನ್ನಡಿಗರಿಗೆ ಇದು ಸಂತೋಷದ ಸಂಗತಿಯೇ. ಆದರೆ ಅದಕ್ಕೆ ಹಿಂದಿನ ಕಡತಗಳೆಲ್ಲ ಆರು ಅಕ್ಷರದವು, ಮುಂದಿನವು ಎಂಟು ಅಕ್ಷರದವು. 2004ರಲ್ಲಿ ಇಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಇಂಗ್ಲಿಷ್ ಹೆಸರು ಹಳೆಯ ಕಾಗುಣಿತದಲ್ಲಿಯೇ ಬರೆಯಲ್ಪಟ್ಟಿತು. ಎರಡೂ ರೂಪಗಳನ್ನು ಒಟ್ಟಿಗೆ ಕೇಳದಿದ್ದರೆ ಅರ್ಧ ಊರೇ ಮಾಯವಾಗುತ್ತದೆ. ಹೊಸ ಕಾಗುಣಿತದ ಮೊದಲ ಆರು ಅಕ್ಷರಗಳು ಹಳೆಯದನ್ನು ಹೋಲುವುದಿಲ್ಲವಾದ್ದರಿಂದ, 'ಹೀಗೆ ಆರಂಭವಾಗುವುದನ್ನೆಲ್ಲ ತೋರಿಸು' ಎಂಬ ಜಾಣತನವೂ ಫಲಿಸದು. ಮೊದಲ ಮೂರೇ ಅಕ್ಷರಗಳಿಗೆ ಇಳಿದರೆ ಮಾತ್ರ ಎರಡೂ ಬಲೆಗೆ ಬೀಳುತ್ತವೆ. ಇತ್ತ ಅಂಚೆಯವರ 572101 ಎಂಬ ಅಂಕಿಯೂ ರೈಲ್ವೆಯವರ 'ಟಿ.ಕೆ.' ಎಂಬ ನಿಲ್ದಾಣಸಂಕೇತವೂ ಹೆಸರಿನ ಕಾಗುಣಿತವನ್ನು ನೆಚ್ಚಿಕೊಂಡಿಲ್ಲ.

ಊರಿಗೆ ಎರಡು ಹೆಸರಿದ್ದಾಗ ಆಗುವುದೂ ಇದೇ. ಗುಬ್ಬಿ ತಾಲ್ಲೂಕಿನ ಚಂದ್ರಶೇಖರಪುರವನ್ನು ಜನರು ಸಿ.ಎಸ್.ಪುರ ಎನ್ನುತ್ತಾರೆ. ಪೂರ್ತಿ ಹೆಸರಿನಲ್ಲಿ ದಾಖಲಾದವನನ್ನು ಮೊಟಕು ಹೆಸರಿನಲ್ಲಿ ಹುಡುಕಿದರೆ ಯಂತ್ರಕ್ಕೆ ಅವು ಎರಡು ಬೇರೆ ಊರುಗಳು. ಅದೇ ತಾಲ್ಲೂಕಿನ ಕಡಬದ ಕಷ್ಟ ಇದಕ್ಕೆ ವಿರುದ್ಧವಾದದ್ದು. ದಕ್ಷಿಣ ಕನ್ನಡದಲ್ಲಿಯೂ ಒಂದು ಕಡಬವಿರುವುದರಿಂದ ಅಲ್ಲಿ ಇಲ್ಲದವರೂ ಬಂದು ಸೇರುತ್ತಾರೆ. ತುಮಕೂರಿನ ಅಂಚಿನ ಕ್ಯಾತ್ಸಂದ್ರವನ್ನು ಕೆಲವರು ಕ್ಯಾತಸಂದ್ರ ಎಂದು ಬರೆಯುತ್ತಾರೆ. ಅದರ ಮಗ್ಗುಲಿನ ಮಠವನ್ನು ಸಿದ್ಧಗಂಗಾ ಎಂದೂ ಸಿದ್ದಗಂಗಾ ಎಂದೂ ಬರೆಯುವುದುಂಟು. ಮಹಾಪ್ರಾಣವೊಂದು ಹೆಚ್ಚುಕಡಿಮೆಯಾದರೆ ಓದುವವರಿಗೆ ನಷ್ಟವಿಲ್ಲ. ಜಿಲ್ಲೆಯ ಎಷ್ಟೋ ಗಂಡುಮಕ್ಕಳಿಗೆ ಆ ಕ್ಷೇತ್ರದ ಹೆಸರನ್ನೇ ಇಟ್ಟಿರುವುದರಿಂದ, ಹುಡುಕುವವರಿಗೆ ಮಾತ್ರ ಆ ನಷ್ಟ ಮನೆಮನೆಯದು.

ಇಲ್ಲಿಯವರೆಗೆ ಹೇಳಿದ ದೋಷಗಳು ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಎಳ್ಳಷ್ಟೂ ಕಾಣದ ದೋಷಗಳು ಕನ್ನಡ ಲಿಪಿಯಲ್ಲಿಯೇ ಅಡಗಿವೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. ಅಲ್ಲಿ 'ಕೊ' ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಕಟ್ಟಬಹುದು. 'ಕ'ಕಾರಕ್ಕೆ ಒತ್ವವೆಂಬ ಒಂದೇ ಚಿಹ್ನೆಯನ್ನು ಹಚ್ಚಬಹುದು, ಇಲ್ಲವೆ ಎತ್ವವನ್ನೂ ಊಕಾರದ ಕೊಂಬನ್ನೂ ಬೇರೆ ಬೇರೆಯಾಗಿ ಹಚ್ಚಬಹುದು. ಶಾಲೆಯಲ್ಲಿ ಮಗು ಸ್ಲೇಟಿನ ಮೇಲೆ ತಿದ್ದುವುದೂ ಎರಡನೆಯ ರೀತಿಯಲ್ಲಿಯೇ ಅಲ್ಲವೆ? ತೆರೆಯ ಮೇಲೆ ಎರಡೂ ಒಂದೇ 'ಕೊ'. ಒಳಗೆ ಮಾತ್ರ ಬೇರೆ ಬೇರೆ ಸಂಖ್ಯೆಗಳ ಸರಣಿ. ಇದರ ಪರಿಣಾಮವನ್ನು ಮೂರು ತಾಲ್ಲೂಕುಗಳ ಮೂರು ಹೋಬಳಿಗಳಲ್ಲಿ ಕಾಣಬಹುದು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯು ಒಂದು ರೀತಿಯಲ್ಲಿ ಒಂಬತ್ತು ಸಂಕೇತಗಳ ಪದ, ಇನ್ನೊಂದು ರೀತಿಯಲ್ಲಿ ಹತ್ತು ಸಂಕೇತಗಳದು. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಚೇ'ಯಲ್ಲಿ ಏತ್ವವು ಒಂದಾಗಿಯೂ ಬರಬಹುದು, ಎತ್ವ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರಬಹುದು. ಆಗ ಆರು ಸಂಕೇತಗಳ ಊರು ಏಳಾಗುತ್ತದೆ. ತುಮಕೂರು ತಾಲ್ಲೂಕಿನ ಕೋರದಲ್ಲಂತೂ ಮೂರು ಸಂಕೇತಗಳು ಐದಾಗುತ್ತವೆ. ಹಳೆಯ ಅಕ್ಷರಶೈಲಿಗಳಿಂದ ಯೂನಿಕೋಡಿಗೆ ಪರಿವರ್ತಿಸಿದ ಕಡತಗಳಲ್ಲಿ ಇಂಥ ಬಿಡಿ ಚಿಹ್ನೆಗಳು ಉಳಿದುಕೊಂಡಿರುವುದುಂಟು. ಗುಮಾಸ್ತೆಯು ಕನ್ನಡಕವನ್ನು ಒರೆಸಿಕೊಂಡು ಹತ್ತು ಸಲ ಓದಿದರೂ 'ಕೋರ' ಕೋರವೇ. ಯಂತ್ರ ಮಾತ್ರ ಒಪ್ಪುವುದಿಲ್ಲ.

ಸೊನ್ನೆಯದು ಇನ್ನೊಂದು ಅವಾಂತರ. ಅನುಸ್ವಾರಕ್ಕೂ ಕನ್ನಡ ಅಂಕಿಯ ಸೊನ್ನೆಗೂ ರೂಪ ಒಂದೇ ಎಂಬುದು ಬಾಲಕರಿಗೂ ಗೊತ್ತು. ಅವಸರದ ಬೆರಳಚ್ಚುಗಾರನು 'ಗಂಗಯ್ಯ'ನ ನಡುವೆ ಅನುಸ್ವಾರದ ಬದಲು ಅಂಕಿಯನ್ನು ಒತ್ತಿದರೆ, 'ಗ೦ಗಯ್ಯ'ನು ಕಾಗದದ ಮೇಲೆ ಲಕ್ಷಣವಾಗಿ ನಿಲ್ಲುತ್ತಾನೆ, ಹುಡುಕಾಟದಲ್ಲಿ ಮಾತ್ರ ಸಿಕ್ಕುವುದಿಲ್ಲ. ಸರ್ವೆ ನಂಬರನ್ನು ಒಬ್ಬನು ೧೦ ಎಂದೂ ಇನ್ನೊಬ್ಬನು 10 ಎಂದೂ ಬರೆದಿದ್ದರೆ ಅಲ್ಲಿಯೂ ಹೀಗೆಯೇ.

ಗುಬ್ಬಿ ಎಂಬ ಹೆಸರು ಪುಣ್ಯಕ್ಕೆ ಸರಳವಾದದ್ದು. ಕುಣಿಗಲ್ಲಿಗೆ ಆ ಭಾಗ್ಯವಿಲ್ಲ. ಅದರ ಕೊನೆಯ ಅರ್ಧಾಕ್ಷರಕ್ಕೆ ಮುಂದಿನ ವ್ಯಂಜನವು ಒತ್ತಾಗಿ ಅಂಟಿಕೊಳ್ಳದಿರಲೆಂದು ಬೆರಳಚ್ಚುಗಾರರು ಒಂದು ಅಗೋಚರ ಚಿಹ್ನೆಯನ್ನು ಹಾಕುವುದುಂಟು. ಅದಕ್ಕೆ ಅಗಲವಿಲ್ಲ, ಬಣ್ಣವಿಲ್ಲ, ಧ್ವನಿಯಿಲ್ಲ. ಅಭ್ಯಾಸಬಲದಿಂದ ಹಲವರು ಪದ ಅಲ್ಲಿಗೇ ಮುಗಿದರೂ ಅದನ್ನು ಒತ್ತಿಬಿಡುತ್ತಾರೆ. ಏಳು ಸಂಕೇತಗಳ ಕುಣಿಗಲ್ ಎಂಟು ಸಂಕೇತಗಳದಾಗುತ್ತದೆ. ಇನ್ನು ಕೆಲವರು ಪದದ ಕೊನೆಯಲ್ಲಿ ಒಂದು ಖಾಲಿ ಜಾಗವನ್ನು ಬಿಟ್ಟಿರುತ್ತಾರೆ. ಅದನ್ನು ಕೆಲವು ಯಂತ್ರವ್ಯವಸ್ಥೆಗಳು ಮನ್ನಿಸುತ್ತವೆ, ಕೆಲವು ಮನ್ನಿಸವು. ಮೂಡಲ ಕುಣಿಗಲ್ ಕೆರೆಯ ಚೆಲುವನ್ನು ಹಾಡುವ ಜನಪದ ಗೀತೆ ನಾಡಿಗೆಲ್ಲ ಪರಿಚಿತ. ಆ ಕೆರೆಯ ಹೆಸರು ಅದೇ ತಾಲ್ಲೂಕಿನ ಕಡತದಲ್ಲಿ ಸಿಕ್ಕದೆ ಹೋಗಬಹುದೆಂದರೆ ನಗಬೇಕೊ ಅಳಬೇಕೊ ತಿಳಿಯದು.

ಕೆರೆಯ ಮಾತು ಬಂದುದರಿಂದ ಇನ್ನೊಂದು ವಿಷಯ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಹಳಗನ್ನಡದಲ್ಲಿ ಕೆರೆಯು 'ಕೆಱೆ'. ಶಕಟರೇಫವೆಂಬ ಆ ಅಕ್ಷರವನ್ನು ಅರಿಯದ ವಿದ್ಯಾರ್ಥಿಯು ಶಾಸನಪಾಠಗಳನ್ನು ಗಣಕದಲ್ಲಿಟ್ಟುಕೊಂಡು ಇಂದಿನ ಕಾಗುಣಿತದಲ್ಲಿ ಕೆರೆಗಳನ್ನು ಹುಡುಕಿದರೆ, ಪ್ರಾಚೀನರು ಕೆರೆಗಳನ್ನೇ ಕಟ್ಟಿಸಲಿಲ್ಲವೆಂಬ ಸಿದ್ಧಾಂತಕ್ಕೆ ಬಂದಾನು. ಅದರ ಜೊತೆಗಾರನಾದ 'ೞ'ದ ಗತಿ ಇನ್ನೂ ವಿಚಿತ್ರ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಯಾರದೋ ಕೈತಪ್ಪಿನಿಂದ 'ಫ' ಎಂದು ಹೆಸರಾಗಿಬಿಟ್ಟಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮ. ಆದ್ದರಿಂದ ತಿದ್ದಿದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿ ಸಮಾಧಾನಪಟ್ಟಿದ್ದಾರೆ.

ಕನ್ನಡ ಗಣಕ ಪರಿಷತ್ತಿನವರು ರೂಪಿಸಿದ 'ನುಡಿ' ತಂತ್ರಾಂಶದಿಂದ ಕಚೇರಿಗಳಲ್ಲಿ ಕನ್ನಡ ನೆಲೆಯೂರಿತು. ಆ ಋಣ ದೊಡ್ಡದು. ಆದರೆ ಅದರ ಆರಂಭದ ಆವೃತ್ತಿಗಳು ಯೂನಿಕೋಡನ್ನು ಬಳಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಚಿತ್ರಗಳನ್ನು ಕೂಡಿಸಿದ್ದವು. ಆ ಕಾಲದ ಕಡತಗಳಲ್ಲಿ ಇಂದಿನ ಕನ್ನಡದಲ್ಲಿ ಏನನ್ನು ಹುಡುಕಿದರೂ ಒಂದಕ್ಷರವೂ ದೊರೆಯದು. ಮೊದಲು ಪರಿವರ್ತನೆಯಾಗಬೇಕು, ಪರಿವರ್ತನೆಯಾದ ಮೇಲೆ ಬಿಡಿ ಚಿಹ್ನೆಗಳನ್ನೆಲ್ಲ ಏಕರೂಪಕ್ಕೆ ತರಬೇಕು. ಏಕರೂಪಕ್ಕೆ ತರುವ ಕ್ರಮವನ್ನು ಯೂನಿಕೋಡೇ ವಿಧಿಸಿದೆ, ಅದಕ್ಕೆ ಬೇಕಾದ ಉಪಕರಣಗಳೂ ಸಿದ್ಧವಾಗಿವೆ. ಅಗೋಚರ ಚಿಹ್ನೆಯನ್ನೂ ಸೊನ್ನೆಯನ್ನೂ ಮಾತ್ರ ಪ್ರತ್ಯೇಕವಾಗಿ ಶೋಧಿಸಬೇಕು.

ಅಕ್ಷರಗಳೆಲ್ಲ ಸರಿಯಾಗಿದ್ದರೂ ಹೆಸರು ತಪ್ಪಿಹೋಗುವ ಸಂದರ್ಭಗಳಿವೆ. ಅಲ್ಲಿ ದೋಷವಿರುವುದು ಪ್ರಶ್ನೆಯ ತರ್ಕದಲ್ಲಿ. ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿದ್ವಾಂಸರು 1970ರಲ್ಲಿ ದತ್ತಾಂಶಗಳನ್ನೆಲ್ಲ ಕೋಷ್ಟಕಗಳಾಗಿ ಜೋಡಿಸುವ ಮಾದರಿಯನ್ನು ಪ್ರಕಟಿಸಿದರು. ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ರೂಪಿಸಿದರು. ಇಂದು ಬ್ಯಾಂಕು, ರೈಲ್ವೆ, ಸರ್ಕಾರಗಳ ಕಣಜಗಳೆಲ್ಲ ಬಹುಮಟ್ಟಿಗೆ ಈ ಪದ್ಧತಿಯವೇ. ಇದರಲ್ಲಿ ಭರ್ತಿಯಾಗದ ಮನೆಗೆ 'ನಲ್' ಎಂದು ಹೆಸರು. ನಲ್ ಎಂದರೆ ಸೊನ್ನೆಯಲ್ಲ, ಖಾಲಿ ಪದವೂ ಅಲ್ಲ. 'ಗೊತ್ತಿಲ್ಲ' ಎಂದರ್ಥ. ಹೀಗಾಗಿ ಯಂತ್ರದ ತರ್ಕದಲ್ಲಿ ಹೌದು, ಅಲ್ಲ, ಗೊತ್ತಿಲ್ಲ ಎಂಬ ಮೂರು ಉತ್ತರಗಳು. (ಜೈನ ತಾರ್ಕಿಕರ ಸ್ಯಾದ್ವಾದದಲ್ಲಿ ಏಳು ಭಂಗಿಗಳಿದ್ದವು. ಅವರಿಗೆ ಇದು ಬಾಲಪಾಠವೆನಿಸಿದ್ದೀತು.)

ಪಿಂಚಣಿದಾರರ ಪಟ್ಟಿಯೊಂದರಲ್ಲಿ 'ಗುಬ್ಬಿ ತಾಲ್ಲೂಕಿನವರನ್ನು ತೋರಿಸು' ಎಂದು ಒಮ್ಮೆಯೂ, 'ಗುಬ್ಬಿ ತಾಲ್ಲೂಕಿನವರಲ್ಲದವರನ್ನು ತೋರಿಸು' ಎಂದು ಇನ್ನೊಮ್ಮೆಯೂ ಕೇಳಿದರೆ, ಎರಡೂ ಸೇರಿ ಇಡೀ ಪಟ್ಟಿಯಾಗಬೇಕೆಂಬುದು ಲೋಕರೂಢಿಯ ಲೆಕ್ಕ. ಯಂತ್ರದ ಲೆಕ್ಕ ಹಾಗಲ್ಲ. ಯಾವ ವೃದ್ಧೆಯ ಹೆಸರಿನ ಮುಂದೆ ತಾಲ್ಲೂಕಿನ ಮನೆ ಭರ್ತಿಯಾಗಿಲ್ಲವೊ ಅವಳು ಮೊದಲ ಪಟ್ಟಿಯಲ್ಲಿಯೂ ಇಲ್ಲ, ಎರಡನೆಯದರಲ್ಲಿಯೂ ಇಲ್ಲ. ಇದಕ್ಕಿಂತ ಕಠೋರವಾದದ್ದು 'ಈಗಾಗಲೇ ಹಣ ಪಡೆದವರ ಪಟ್ಟಿಯಲ್ಲಿ ಇಲ್ಲದವರನ್ನು ತೋರಿಸು' ಎಂಬ ಪ್ರಶ್ನೆ. ಹಣ ಪಡೆದವರ ಪಟ್ಟಿಯಲ್ಲಿ ಒಂದೇ ಒಂದು ಮನೆ ನಲ್ ಆಗಿದ್ದರೂ, ಪ್ರಶ್ನೆಯನ್ನು ಬರೆದ ರೀತಿಯನ್ನನುಸರಿಸಿ ಉತ್ತರವು ಪೂರ್ತಿ ಬರಿದಾಗಬಹುದು. ಆ ಗೊತ್ತಿಲ್ಲದ ವ್ಯಕ್ತಿ ಯಾರಾದರೂ ಆಗಿರಬಹುದಲ್ಲವೆ, ಹಾಗಿರುವಾಗ ಇವನು ಅವನಲ್ಲವೆಂದು ಪ್ರಮಾಣಮಾಡುವುದು ಹೇಗೆ ಎಂಬುದು ಯಂತ್ರದ ವಾದ. ತರ್ಕಶುದ್ಧವಾದ ವಾದವೇ ಸರಿ. ಅದರ ಫಲವಾಗಿ ಬಾಕಿ ಇರುವವರು ಯಾರೂ ಇಲ್ಲವೆಂಬ ವರದಿ ಮೇಲಿನ ಕಚೇರಿಗೆ ಹೋಗುತ್ತದೆ.

ಎರಡು ಪಟ್ಟಿಗಳನ್ನು ಜೋಡಿಸುವಾಗ ಆಗುವ ಲೋಪ ಎಲ್ಲಕ್ಕಿಂತ ಮೌನವಾದದ್ದು. ರೈತರ ಪಟ್ಟಿಯನ್ನು ಬ್ಯಾಂಕು ಖಾತೆಗಳ ಪಟ್ಟಿಯೊಡನೆ ಸಾಮಾನ್ಯ ರೀತಿಯಲ್ಲಿ ಜೋಡಿಸಿದರೆ, ಎರಡರಲ್ಲಿಯೂ ಇರುವವರು ಮಾತ್ರ ಉಳಿಯುತ್ತಾರೆ. ಖಾತೆಯ ಸಂಖ್ಯೆ ಇನ್ನೂ ಸೇರದವರು ದೋಷಸೂಚನೆಯಿಲ್ಲದೆ, ಸದ್ದಿಲ್ಲದೆ ಜಾರಿಹೋಗುತ್ತಾರೆ. ಮೊದಲ ಪಟ್ಟಿಯವರನ್ನೆಲ್ಲ ಉಳಿಸಿಕೊಂಡು, ಎರಡನೆಯದರಲ್ಲಿ ಇಲ್ಲದೆಡೆ ಖಾಲಿ ಬಿಡುವ ಇನ್ನೊಂದು ಬಗೆಯ ಜೋಡಣೆಯೂ ಇದೆ. ಎರಡಕ್ಕೂ ವ್ಯತ್ಯಾಸ ಬರೆಯುವವನಿಗೆ ಒಂದು ಪದದ್ದು.

ದಿನಾಂಕದ ಒಂದು ಮಾತನ್ನು ಹೇಳಿ ಈ ಪಟ್ಟಿಯನ್ನು ಮುಗಿಸಬಹುದು. ಅರ್ಜಿ ಬಂದ ವೇಳೆಯೂ ದಾಖಲಾಗುವ ಕಡೆ 'ಮಾರ್ಚ್ 1ರಿಂದ 31ರವರೆಗೆ' ಎಂದು ಕೇಳಿದರೆ, 31 ಎಂಬುದನ್ನು ಯಂತ್ರವು ಆ ದಿನ ಆರಂಭವಾಗುವ ನಡುರಾತ್ರಿ ಎಂದು ತಿಳಿಯುತ್ತದೆ. ಬೆಳಗ್ಗೆ ಹತ್ತಕ್ಕೆ ಬಂದ ಅರ್ಜಿಯೂ ಹೊರಗೆ. ಹಣಕಾಸಿನ ವರ್ಷದ ಕಡೆಯ ದಿನದಷ್ಟು ಅರ್ಜಿಗಳು ಮತ್ತಾವ ದಿನ ಬರುತ್ತವೆ? ಏಪ್ರಿಲ್ 1ಕ್ಕಿಂತ ಹಿಂದಿನವನ್ನೆಲ್ಲ ಕೊಡು ಎಂದು ಕೇಳುವುದೇ ಕ್ಷೇಮ.

ಕಾಣೆಯಾದ ಸಾಲನ್ನು ಹುಡುಕುವ ವಿಧಾನದಲ್ಲಿ ಮಾಂತ್ರಿಕತೆಯೇನೂ ಇಲ್ಲ. ಮನೆಯಲ್ಲಿ ಕಳೆದ ಬೀಗದಕೈಯನ್ನು ಹುಡುಕುವ ಗೃಹಿಣಿಯ ತಾಳ್ಮೆಯೇ ಇಲ್ಲಿಯೂ ಬೇಕಾದದ್ದು. ಇದೆಯೆಂದು ಖಚಿತವಾಗಿ ತಿಳಿದಿರುವ ಒಬ್ಬನ ದಾಖಲೆಯನ್ನು ಮೊದಲು ಹಿಡಿಯಬೇಕು. ಹೆಸರನ್ನು ಬಿಟ್ಟು ಸಂಖ್ಯೆಯಿಂದ ಕೇಳಬೇಕು. ಸಂಖ್ಯೆಯಿಂದ ಸಿಕ್ಕಿ ಹೆಸರಿನಿಂದ ಸಿಕ್ಕದಿದ್ದರೆ ಕಳ್ಳನು ಅಕ್ಷರಗಳಲ್ಲಿದ್ದಾನೆ. ಆಗ ಆ ಹೆಸರಿನಲ್ಲಿ ಎಷ್ಟು ಸಂಕೇತಗಳಿವೆಯೆಂದು ಯಂತ್ರವನ್ನೇ ಎಣಿಸಹೇಳಬೇಕು. ಏಳಿರಬೇಕಾದಲ್ಲಿ ಎಂಟು ಬಂದರೆ ಅಗೋಚರನು ಸಿಕ್ಕಿಬಿದ್ದಂತೆಯೇ. ಸಂಖ್ಯೆಯಿಂದಲೂ ಸಿಕ್ಕದಿದ್ದರೆ ಪ್ರಶ್ನೆಯ ಷರತ್ತುಗಳನ್ನು ಒಂದೊಂದಾಗಿ ಕಳಚುತ್ತ ಹೋಗಬೇಕು. ಯಾವ ಷರತ್ತನ್ನು ತೆಗೆದಾಗ ಸಾಲು ಮೇಲೆದ್ದಿತೊ ದೋಷ ಅಲ್ಲಿದೆ. ಎಲ್ಲವನ್ನೂ ಒಮ್ಮೆಗೇ ಕಿತ್ತು ಹೊಸದಾಗಿ ಬರೆಯುವ ಉತ್ಸಾಹಿಗಳು ಸಾಲನ್ನು ಪಡೆದರೂ ಕಾರಣವನ್ನು ಕಾಣರು, ಮರುದಿನ ಇನ್ನೊಬ್ಬ ಕಾಣೆಯಾಗುತ್ತಾನೆ.

ಹೆಸರುಗಳನ್ನು ಕಾಗುಣಿತದಿಂದಲ್ಲದೆ ಉಚ್ಚಾರದಿಂದ ಹೊಂದಿಸುವ ಉಪಾಯವೂ ಹಳೆಯದೇ. ಅಮೆರಿಕದ ರಾಬರ್ಟ್ ರಸಲ್ ಎಂಬುವರು 1918ರಲ್ಲಿಯೇ ಇಂಥದೊಂದು ಕ್ರಮಕ್ಕೆ ಹಕ್ಕುಪತ್ರ ಪಡೆದರು. ಮುಂದೆ 'ಸೌಂಡೆಕ್ಸ್' ಎಂದು ಹೆಸರಾದ ಆ ಕ್ರಮದಿಂದ ಅಲ್ಲಿಯ ಜನಗಣತಿಯ ಹಳೆಯ ಹಾಳೆಗಳಿಗೆ ಸೂಚಿ ಸಿದ್ಧವಾಯಿತು. ಅದನ್ನು ಇಂಗ್ಲಿಷ್ ಹೆಸರುಗಳಿಗಾಗಿ ಹೊಲಿದ ಅಂಗಿ ಎನ್ನಬೇಕು. ಕನ್ನಡಕ್ಕೆ ಒಗ್ಗಬೇಕಾದರೆ ಮಹಾಪ್ರಾಣ ಅಲ್ಪಪ್ರಾಣಗಳನ್ನೂ, ಸ ಶ ಷಗಳನ್ನೂ, ಹೆಸರಿನ ಕೊನೆಯ ಅಪ್ಪ ಅಯ್ಯ ಅಣ್ಣಗಳನ್ನೂ ಸಡಿಲವಾಗಿ ಹಿಡಿಯುವ ಬೇರೆ ಅಳತೆ ಬೇಕು. ಸಡಿಲವು ಅತಿಯಾದರೆ ಒಬ್ಬನ ಜಮೀನು ಇನ್ನೊಬ್ಬನ ಹೆಸರಿಗೆ ಹೊಂದಿಕೊಂಡೀತು. ಆದ್ದರಿಂದ ಅಂಥ ಹುಡುಕಾಟದ ಫಲವನ್ನು ಮನುಷ್ಯನೊಬ್ಬನು ಕಣ್ಣಾರೆ ನೋಡಿ ಆರಿಸಬೇಕು.

ಕಿಟಕಿಯ ಹೊರಗೆ ನಿಂತವರಿಗೂ ಕೆಲವು ಉಪಾಯಗಳುಂಟು. ಹೆಸರಿನೊಡನೆ ಸರ್ವೆ ಹಾಗೂ ಹಿಸ್ಸಾ ಸಂಖ್ಯೆಗಳಿರುವ ಯಾವುದಾದರೊಂದು ಹಳೆಯ ಪಹಣಿಯನ್ನು ಜೊತೆಗೆ ಒಯ್ಯುವುದು ಮೇಲು. ಮತದಾರರ ಪಟ್ಟಿಯಲ್ಲಿ ಹೆಸರು ಕಾಣದಿದ್ದಾಗ ಗುರುತಿನ ಚೀಟಿಯ ಸಂಖ್ಯೆಯಿಂದ ಕೇಳಿಸಬಹುದು. ಯಾವ ಕಾಗುಣಿತದಲ್ಲಿ ಹುಡುಕಿದಿರಿ ಎಂದು ವಿನಯದಿಂದ ವಿಚಾರಿಸುವುದಕ್ಕೂ ಅಡ್ಡಿಯಿಲ್ಲ.

ಆದರೆ ಕಿಟಕಿಯವರೆಗೆ ಬರಲಾರದವರ ಪಾಡೇನು? ತನ್ನ ಹೆಸರು ಪಟ್ಟಿಯಿಂದ ಜಾರಿದ್ದೇ ತಿಳಿಯದವನು ದೂರು ಕೊಡುವುದಾದರೂ ಎಲ್ಲಿ? ಅವರನ್ನು ಕಾಪಾಡುವುದು ಎಣಿಕೆಯೊಂದೇ. ಪ್ರಶ್ನೆ ಕೇಳುವ ಮೊದಲು ಎಷ್ಟು ಜನರಿದ್ದರು, ಕೇಳಿದ ಮೇಲೆ ಎಷ್ಟು ಜನ ಉಳಿದರು ಎಂದು ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಬರೆದಿಡಬೇಕು. ಒಂದು ಗ್ರಾಮ ಪಂಚಾಯಿತಿಯ ಪಟ್ಟಿಯಲ್ಲಿ 412 ಹೆಸರುಗಳಿದ್ದು, ಬ್ಯಾಂಕಿನ ಪಟ್ಟಿಯೊಡನೆ ಜೋಡಿಸಿದ ಮೇಲೆ 397 ಉಳಿದುವೆಂದು ಇಟ್ಟುಕೊಳ್ಳೋಣ. ಹಣ ಬಿಡುಗಡೆಯ ಆದೇಶಕ್ಕೆ ಸಹಿ ಬೀಳುವುದಕ್ಕೆ ಮುಂಚೆ ಆ ಹದಿನೈದು ಹೆಸರುಗಳನ್ನು ಬೇರೆ ಹಾಳೆಯಲ್ಲಿ ಮುದ್ರಿಸಿ ಪಂಚಾಯಿತಿಯ ಫಲಕಕ್ಕೆ ಅಂಟಿಸಿದರೆ, ಊರಿನವರೇ ಓದಿ, 'ಈಕೆ ಇಲ್ಲಿಯೇ ಇದ್ದಾಳಲ್ಲ, ಕೆರೆಯ ಏರಿಯ ಕೆಳಗಿನ ಮನೆ' ಎಂದು ಹೇಳಿಯಾರು.